ಇಲಿಯಡ್: ಮಡಿದವರ ಹೆಸರು

ಗ್ರೀಕರ ರುದ್ರನಾಟಕ ಕನ್ನಡಿಗರಿಗೆ ಹೊಸದಲ್ಲ, ಬಿ. ಎಂ. ಶ್ರೀ. ಅವರ 'ಪಾರಸಿಕರು', 'ಅಶ್ವತ್ಥಾಮನ್' ನಾಟಕಗಳ ಮೂಲಕ ಅದರ ಗಾಂಭೀರ್ಯವನ್ನು ನಾವು ಬಲ್ಲೆವು. ಆದರೆ ಆ ನಾಟಕಗಳಿಗೆಲ್ಲ ತವರಾದ ಹೋಮರನ ಕಾವ್ಯ ನಮ್ಮಿಂದ ದೂರವೇ ಉಳಿದಿದೆ. 'ಇಲಿಯಡ್' ಓದತೊಡಗಿದವರಲ್ಲಿ ಅನೇಕರು ನಡುವೆಯೇ ಕೈಬಿಡುತ್ತಾರೆ. ಕೇಳಿದರೆ, "ಕೊಲೆಯ ಮೇಲೆ ಕೊಲೆ, ಯಾರು ಯಾರನ್ನು ಕೊಂದರೆಂದು ಎಷ್ಟು ಓದುವುದು?" ಎನ್ನುತ್ತಾರೆ.

ಈ ಆಕ್ಷೇಪಣೆ ನಿರಾಧಾರವೇನಲ್ಲ. 24 ಸರ್ಗಗಳ, 15,000ಕ್ಕೂ ಮಿಕ್ಕ ಪಂಕ್ತಿಗಳ ಈ ಕಾವ್ಯದಲ್ಲಿ ಬಹುಭಾಗ ರಣರಂಗವೇ. ಹತ್ತನೆಯ ವರ್ಷಕ್ಕೆ ಕಾಲಿಟ್ಟ ಯುದ್ಧದ ಕೆಲವೇ ವಾರಗಳ ಕಥೆ ಇದು; ಮರದ ಕುದುರೆಯಾಗಲಿ, ಟ್ರಾಯ್ ನಗರದ ಪತನವಾಗಲಿ ಇಲ್ಲಿ ನಡೆಯುವುದಿಲ್ಲ. ಗ್ರೀಕ್ ಬಾರದ ನಾನು ಇದನ್ನು ಓದಿರುವುದು ಇಂಗ್ಲಿಷ್ ಅನುವಾದಗಳಲ್ಲಿ. ಆದರೂ ಓದಿದಷ್ಟು ಸಲವೂ ನನಗೆ ಅನ್ನಿಸಿರುವುದು ಒಂದೇ: ಬೇಸರ ತರುವುದೆನ್ನುವ ಆ ಕೊಲೆಗಳ ಪಟ್ಟಿಯಲ್ಲಿಯೇ ಕಾವ್ಯದ ಜೀವಾಳವಿದೆ.

ನಾಲ್ಕನೆಯ ಸರ್ಗದಲ್ಲಿ ಸಿಮೊಯಿಸಿಯಸ್ ಎಂಬ ಟ್ರೋಜನ್ ತರುಣ ಏಜಾಕ್ಸನ ಈಟಿಗೆ ಬೀಳುತ್ತಾನೆ. ಅವನನ್ನು ನಾವು ಹಿಂದೆ ಕಂಡಿಲ್ಲ, ಮುಂದೆ ಕಾಣುವುದೂ ಇಲ್ಲ. ಕವಿ ಮಾತ್ರ ಅಲ್ಲಿ ಒಂದು ಗಳಿಗೆ ನಿಲ್ಲುತ್ತಾನೆ. ತವರಿನವರೊಡನೆ ಕುರಿಮಂದೆ ನೋಡಲು ಹೋಗಿದ್ದ ತಾಯಿ, ಈಡಾ ಬೆಟ್ಟದಿಂದ ಇಳಿದು ಬರುವಾಗ ಸಿಮೊಯಿಸ್ ನದಿಯ ದಡದಲ್ಲಿ ಇವನನ್ನು ಹೆತ್ತಳಂತೆ. ಅದರಿಂದಲೇ ಆ ಹೆಸರು. ಸಾಕಿದವರ ಋಣ ತೀರಿಸುವಷ್ಟು ಆಯುಷ್ಯ ಅವನಿಗಿರಲಿಲ್ಲ. ರಥದ ಗಾಲಿಗೆಂದು ಕಡಿದು, ನದಿಯ ದಡದಲ್ಲಿ ಒಣಗಲು ಬಿಟ್ಟ ಪಾಪ್ಲರ್ ಮರದಂತೆ ಅವನು ಬಿದ್ದನೆಂಬುದು ಉಪಮೆ. ಹುಟ್ಟಿದ್ದೂ ನದಿಯ ದಡ, ಸಾವಿನ ಚಿತ್ರವೂ ನದಿಯ ದಡ.

ಆರನೆಯ ಸರ್ಗದ ಆಕ್ಸಿಲಸ್ ದಾರಿಯ ಬದಿಯ ಮನೆಯವನು. ಬಂದವರಿಗೆಲ್ಲ ಆದರಾತಿಥ್ಯ ನೀಡಿದವನು. ಆದರೆ ಡಯೊಮಿಡೀಸ್ ಮೇಲೆ ಬಿದ್ದಾಗ, ಉಂಡು ಹೋದವರಲ್ಲಿ ಒಬ್ಬನೂ ಅಡ್ಡಬರಲಿಲ್ಲ. ಹನ್ನೊಂದನೆಯ ಸರ್ಗದ ಇಫಿಡಮಸ್ ಹೊಸದಾಗಿ ಮದುವೆಯಾದವನು. ಕನ್ಯಾಶುಲ್ಕವಾಗಿ 100 ದನ ತೆತ್ತು, ಇನ್ನೂ 1,000 ಆಡುಕುರಿಗಳನ್ನು ಕೊಡುವೆನೆಂದು ಮಾತುಕೊಟ್ಟಿದ್ದ. ಹೆಂಡತಿಯೊಡನೆ ಬಾಳುವ ಮೊದಲೇ ಅಗಮೆಮ್ನಾನನ ಕೈಯಲ್ಲಿ ಸತ್ತ.

ಈ ಮೂವರೂ ಟ್ರಾಯ್ ಪಕ್ಷದವರೆಂಬುದನ್ನು ಗಮನಿಸಬೇಕು. ಗ್ರೀಕರಿಗೆ ಗ್ರೀಕಿನಲ್ಲಿ ಹಾಡಿದ ಕವಿ ಶತ್ರುವಿನ ತಾಯಿಯನ್ನು ನೆನೆಯುತ್ತಾನೆ. ಸೋತ ಪಾರಸಿಕರ ಮನೆಯ ಗೋಳನ್ನೇ ಈಸ್ಕಿಲಸ್ ನಾಟಕವಾಗಿಸಿದ್ದರ ಬೇರು ಪ್ರಾಯಶಃ ಇಲ್ಲಿಯೇ ಇದೆ. ನಮ್ಮ ರನ್ನನ ದುರ್ಯೋಧನನೂ ಹೆಣಗಳ ನಡುವೆ ನಡೆಯುತ್ತ ಅಭಿಮನ್ಯುವನ್ನು ಕೊಂಡಾಡುತ್ತಾನೆ. ಆದರೆ ಅಭಿಮನ್ಯು ನಮಗೆ ಮೊದಲೇ ಗೊತ್ತಿದ್ದವನು. ಹೋಮರನಲ್ಲಿ ಪರಿಚಯವೂ ಮರಣವೂ ಒಂದೇ ಗಳಿಗೆಯಲ್ಲಿ; ಅಪರಿಚಿತನಿಗಾಗಿಯೇ ನಾವು ಮರುಗಬೇಕು.

ಇವೆಲ್ಲ ಬಾಯಿಪಾಠದ ಹಾಡುಗಾರರ ಸಿದ್ಧ ಸಾಮಗ್ರಿಯಲ್ಲವೇ ಎಂದು ಕೇಳುವವರುಂಟು. 1930ರ ದಶಕದಲ್ಲಿ ಯುಗೊಸ್ಲಾವಿಯದ ಹಾಡುಗಾರರ ನಡುವೆ ಸಂಶೋಧನೆ ನಡೆಸಿದ ಮಿಲ್ಮನ್ ಪ್ಯಾರಿ, ಹೋಮರನ ಸಿದ್ಧ ನುಡಿಗಟ್ಟುಗಳು ಅಂಥ ಮೌಖಿಕ ಪರಂಪರೆಯವೆಂದು ತೋರಿಸಿದ್ದು ನಿಜ. ಆದರೆ ಪರಂಪರೆಯಿಂದ ಬಂದುದು ಸತ್ತ್ವಹೀನವಾಗಬೇಕಿಲ್ಲ. ಆ ಸಣ್ಣ ಸಾವುಗಳನ್ನು ಒಂದೊಂದಾಗಿ ಕಂಡು ಬಂದವರಿಗೆ 22ನೆಯ ಸರ್ಗ ಬೇರೆಯೇ ಆಗಿ ಕಾಣುತ್ತದೆ. ಅಕಿಲೀಸನಿಗೆ ಹೆದರಿ ಓಡುವ ಹೆಕ್ಟರ್, ಶಾಂತಿಯ ದಿನಗಳಲ್ಲಿ ಟ್ರಾಯ್‌ನ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲುತೊಟ್ಟಿಗಳನ್ನು ಹಾದುಹೋಗುತ್ತಾನೆ. ಅವನು ಸತ್ತುದನ್ನರಿಯದ ಮಡದಿ ಆಂಡ್ರೊಮಕಿ, ಗಂಡನ ಸ್ನಾನಕ್ಕೆ ನೀರು ಕಾಯಿಸಲು ದಾಸಿಯರಿಗೆ ಹೇಳುತ್ತಿದ್ದಾಳೆ. ಮಹಾವೀರನ ಸಾವೂ ಕೊನೆಗೆ ಒಂದು ಮನೆಯ ಸಾವೇ.

ಈ ಕರುಣೆಗೂ ಒಂದು ಎಲ್ಲೆಯಿದೆ, ಅದನ್ನು ಮರೆಮಾಚಬಾರದು. ಎರಡನೆಯ ಸರ್ಗದಲ್ಲಿ ಥರ್ಸೈಟೀಸ್ ಎದ್ದುನಿಂತು, ಅಗಮೆಮ್ನಾನನ ಡೇರೆ ಕೊಳ್ಳೆಯ ಕಂಚಿನಿಂದಲೂ ಹೆಣ್ಣುಗಳಿಂದಲೂ ತುಂಬಿದೆ, ನಾವು ಮನೆಗೆ ಹೋಗೋಣ ಎನ್ನುತ್ತಾನೆ. ಒಡಿಸ್ಯೂಸ್ ಅವನ ಬೆನ್ನಿಗೆ ರಾಜದಂಡದಿಂದ ಹೊಡೆಯುತ್ತಾನೆ. ಅವನು ಅಳುತ್ತಾನೆ, ಸೈನ್ಯ ನಗುತ್ತದೆ. ಸತ್ತ ಅದೆಷ್ಟೋ ಯೋಧರಿಗೆ ತಂದೆಯ ಹೆಸರನ್ನೂ ಊರನ್ನೂ ಕೊಟ್ಟ ಕವಿ ಇವನಿಗೆ ಎರಡನ್ನೂ ಕೊಟ್ಟಿಲ್ಲ. ಕೊಟ್ಟಿರುವುದು ಕುರೂಪವನ್ನು ಮಾತ್ರ. ಮಡಿದವನಿಗೆ ಸಿಗುವ ಮರ್ಯಾದೆ ಬದುಕಿದ್ದು ಪ್ರಶ್ನೆ ಕೇಳಿದವನಿಗೆ ಸಿಗದು. ರಾಜರ ಸಭೆಯಲ್ಲಿ ಹಾಡುವವನ ಕಷ್ಟ ಎನ್ನಬಹುದು. ಆದರೆ ನಮ್ಮ ಕಾಲದ ಓದುಗ ಆ ನಗೆಯಲ್ಲಿ ಪಾಲುಗೊಳ್ಳಲಾರ.

ಕೊನೆಯ ಸರ್ಗದಲ್ಲಿ ವೃದ್ಧ ಪ್ರಯಾಮ್ ತನ್ನ ಮಗನನ್ನು ಕೊಂದ ಕೈಗಳಿಗೇ ಮುತ್ತಿಡುತ್ತಾನೆ. ಅವನು ಹೆಕ್ಟರನಿಗಾಗಿ, ಅಕಿಲೀಸ್ ತನ್ನ ತಂದೆಗಾಗಿಯೂ ಮಡಿದ ಗೆಳೆಯನಿಗಾಗಿಯೂ ಒಂದೇ ಡೇರೆಯಲ್ಲಿ ಅಳುತ್ತಾರೆ. ಆಮೇಲೆ ಜೊತೆಯಲ್ಲೇ ಉಣ್ಣುತ್ತಾರೆ. ಯುದ್ಧ ನಿಲ್ಲುವುದಿಲ್ಲ, ಉತ್ತರಕ್ರಿಯೆಗೆಂದು ಕೆಲವು ದಿನಗಳ ಬಿಡುವು, ಅಷ್ಟೆ.

ಸಮಯವಿಲ್ಲದವರು ಆರು, 22 ಮತ್ತು 24ನೆಯ ಸರ್ಗಗಳನ್ನಷ್ಟೇ ಓದಬಹುದೆಂಬ ಸಲಹೆ ಸಾಮಾನ್ಯ. ನಾಲ್ಕನ್ನೂ ಹನ್ನೊಂದನ್ನೂ ಸೇರಿಸಿಕೊಳ್ಳಿ ಎಂದು ನನ್ನ ವಿನಂತಿ. ಹೆಸರುಗಳನ್ನು ಹಾರಿಸದೆ ಓದಬೇಕು.