ನೆಲದ ಮಾತು ಕೇಳಿದ ತೋಟ

ಉದ್ಯಾನವೂ ಒಂದು ಕೃತಿ. ಕಾವ್ಯದಂತೆ ಅದಕ್ಕೂ ವಿಮರ್ಶೆ ಸಲ್ಲುತ್ತದೆ. ಬೆಂಗಳೂರಿನ ಕಬ್ಬನ್ ಪಾರ್ಕು 1870ರಲ್ಲಿ ರಿಚರ್ಡ್ ಸ್ಯಾಂಕಿಯವರ ಕಲ್ಪನೆಯಿಂದ ಮೂಡಿದ್ದು. ಅಲ್ಲಿ ಹುಟ್ಟುಬಂಡೆಗಳು ಹಾಗೆಯೇ ಉಳಿದಿವೆ. ಬಿದಿರ ಮೆಳೆಗಳೂ ತೋಪುಗಳೂ ಅವಕ್ಕೆ ಹೊಂದಿ ನಿಂತಿವೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಿಲ್ಪಿನ್, ಪ್ರೈಸ್ ಮೊದಲಾದವರು ಎತ್ತಿಹಿಡಿದ ‘ಚಿತ್ರೋಪಮ’ ಸೌಂದರ್ಯದ ತಿರುಳು ಇದೇ: ಒರಟುತನವನ್ನು ಅಳಿಸದೆ ಚೆಲುವಿಗೆ ಸೇರಿಸಿಕೊಳ್ಳುವುದು. ಇದೂ ಕೃತಕವೇ ಅಲ್ಲವೆ ಎನ್ನಬಹುದು. ನಾನೂ ಒಪ್ಪುತ್ತೇನೆ, ಆದರೆ ಅದು ನೆಲದ ಮಾತು ಕೇಳಿದ ಕೃತಕತೆ.

ನಮ್ಮ ನಾಲವಾರದ ಕಡೆ ಹಾಸುಗಲ್ಲಿಗೆ ಬರವಿಲ್ಲ; ಅಂಗಳ ಕಂಡರೆ ಕಲ್ಲು ಹಾಸುತ್ತೇವೆ. ಮಳೆ ಇಂಗದು, ಕಾದ ಕಲ್ಲು ಸಂಜೆಯೂ ಸುಡುವುದು. ಕಬ್ಬನ್ ಪಾರ್ಕಿನ ಹುಲ್ಲನ್ನು ಇಲ್ಲಿಗೆ ತರುವುದು ಬೇಡ. ಅದರ ವಿವೇಕವನ್ನು ತಂದರೆ ಸಾಕು. ಉದ್ಯಾನ ಮಾಡಹೊರಟವರು ಮೊದಲು ಇದ್ದ ಬೇವನ್ನೂ ಹಳ್ಳವನ್ನೂ ಉಳಿಸಲಿ; ನಕ್ಷೆ ಆಮೇಲೆ ಬರಲಿ.