ದುರ್ಯೋಧನನ ಪರವಾಗಿ ನಿಂತು ಉತ್ತರಿಸಿ

ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಸಂಜಯನ ಜೊತೆ ಹೆಣಗಳನ್ನು ದಾಟುತ್ತ ರಣರಂಗದಲ್ಲಿ ನಡೆಯುವ ಭಾಗವಿದೆ. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ: ಒಬ್ಬೊಬ್ಬರ ಹೆಣದ ಮುಂದೆಯೂ ನಿಲ್ಲುತ್ತಾನೆ, ಮಾತಾಡುತ್ತಾನೆ, ಅಳುತ್ತಾನೆ. ಬಿ.ಎಂ. ಶ್ರೀಕಂಠಯ್ಯನವರು ಈ ಕಾವ್ಯದೊಳಗಿದ್ದ ದುರಂತ ನಾಟಕವನ್ನು ಗುರುತಿಸಿ, ಬಹುಮಟ್ಟಿಗೆ ರನ್ನನ ಮಾತುಗಳನ್ನೇ ಉಳಿಸಿಕೊಂಡು 'ಗದಾಯುದ್ಧ ನಾಟಕಂ' ಕಟ್ಟಿಕೊಟ್ಟರು. ಹೈಸ್ಕೂಲು ಮಕ್ಕಳ ಕೈಗೆ ಕನ್ನಡದ ಒಂದು ದುರಂತವನ್ನು ಕೊಡಬೇಕೆಂದರೆ ನಾನು ಮೊದಲು ಕೊಡುವುದು ಇದನ್ನೇ. ಕರ್ನಾಟಕದ ಹತ್ತನೆಯ ತರಗತಿಯವರು ರನ್ನನ ಕಾವ್ಯದ ಒಂದು ತುಣುಕನ್ನು 'ಛಲಮನೆ ಮೆರೆವೆಂ' ಎಂಬ ಹೆಸರಿನಲ್ಲಿ ಓದಿದ್ದಾರೆ. ಹಳಗನ್ನಡ ಕಷ್ಟವೆಂಬ ದೂರು ಹಳೆಯದು, ಅದನ್ನು ಇಲ್ಲಿ ಎತ್ತುವುದಿಲ್ಲ. ನನ್ನ ತಕರಾರು ಮಗುವಿಗೆ ಪಾಠ ತಿಳಿಯಿತೋ ಇಲ್ಲವೋ ಎಂದು ನಾವು ಅಳೆಯುವ ರೀತಿಯ ಮೇಲೆ.

ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಸೊರಡಿಯಂಥ ಊರನ್ನು ಕಣ್ಣ ಮುಂದಿಟ್ಟುಕೊಂಡು ಈ ಮಾತು ಹೇಳುತ್ತಿದ್ದೇನೆ. 1956ರಲ್ಲಿ ರಾಜ್ಯಗಳು ಹಂಚಿಹೋದಾಗ ಈ ಭಾಗ ಕನ್ನಡ ರಾಜ್ಯದ ಗಡಿಯಾಚೆ ಉಳಿಯಿತು. ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಕನ್ನಡ ಮಾಧ್ಯಮದ ಹುಡುಗ ಹತ್ತನೆಯ ಇಯತ್ತೆಯಲ್ಲಿ ಬರೆಯುವುದು ಮಹಾರಾಷ್ಟ್ರ ಮಂಡಳಿಯ ಪರೀಕ್ಷೆ. ಅಲ್ಲಿ ಪ್ರಶ್ನೆಪತ್ರಿಕೆ ಹೋಗಿ ಕೃತಿಪತ್ರಿಕೆ ಬಂದಿದೆ. ಗದ್ಯವನ್ನೋ ಪದ್ಯವನ್ನೋ ಕೊಟ್ಟು ಆಕಲನ ಕೃತಿ, ಅಂದರೆ ಗ್ರಹಿಕೆಯ ಚಟುವಟಿಕೆ, ಕೇಳುತ್ತಾರೆ: ಚೌಕಟ್ಟು ತುಂಬಿರಿ, ಜೋಡಿ ಹಚ್ಚಿರಿ, ಒಂದು ಶಬ್ದದಲ್ಲಿ ಹೇಳಿರಿ. ಕೊನೆಯಲ್ಲಿ ಸ್ವಮತ, ಅಂದರೆ ಮಗುವಿನ ಸ್ವಂತ ಅಭಿಪ್ರಾಯ. ಗಡಿ ದಾಟಿ ವಿಜಯಪುರ ಜಿಲ್ಲೆಗೆ ಬಂದರೆ ನಮ್ಮ ಹಳೆಯ ಪರಿಚಿತ, 'ಸಂದರ್ಭದೊಂದಿಗೆ ವಿವರಿಸಿ'. ಮೂರು ಅಂಕಕ್ಕೆ ಯಾರು, ಯಾರಿಗೆ, ಯಾವಾಗ, ಏನು ಸ್ವಾರಸ್ಯ.

ಇವೆರಡರಲ್ಲಿ ಕೃತಿಪತ್ರಿಕೆಯ ಪರವಾಗಿ ಒಂದು ಮಾತು ಹೇಳಲೇಬೇಕು. ಅದು ಪಠ್ಯವನ್ನು ಮಗುವಿನ ಎದುರಿಗೇ ಇಡುತ್ತದೆ, ಬಾಯಿಪಾಠದ ಹೊರೆ ಇಳಿಸುತ್ತದೆ. ಮಾಹಿತಿಯ ಪಾಠಕ್ಕೆ ಈ ಕ್ರಮ ಸಾಕು. ದುರಂತಕ್ಕೆ ಸಾಲದು. ದುಶ್ಶಾಸನನ ಹೆಣದ ಮುಂದಿನ ಮಾತನ್ನೇ ನೋಡಿ. ತಾಯಿಯ ಹಾಲನ್ನು ನಾನು ಕುಡಿದ ಮೇಲೆ ನೀನು ಕುಡಿದೆ, ಊಟಕ್ಕೂ ನಾನು ಮೊದಲು, ಆಮೇಲೆ ನೀನು. ಎಂದೂ ಸರತಿ ಮೀರದವನು ಸಾವಿನಲ್ಲಿ ಮಾತ್ರ ನನಗಿಂತ ಮುಂದಾದೆಯಲ್ಲ ಎಂದು ಅಣ್ಣ ಗೋಳಿಡುತ್ತಾನೆ. ಇದರ ಮೇಲೆ 'ದುಶ್ಶಾಸನನು ಯಾವುದರಲ್ಲಿ ಅಣ್ಣನನ್ನು ಮೀರಿದನು?' ಎಂದು ಕೇಳಿದರೆ 'ಮರಣದಲ್ಲಿ' ಎಂದು ಬರೆದು ಎಲ್ಲ ಮಕ್ಕಳೂ ಅಂಕ ಪಡೆಯುತ್ತಾರೆ. ಸತ್ತು ಬಿದ್ದವನು ದ್ರೌಪದಿಯ ಮುಡಿ ಹಿಡಿದು ಸಭೆಗೆ ಎಳೆದು ತಂದವನು. ಅಳುತ್ತಿರುವವನು ಎಳೆದು ತಾ ಎಂದವನು. ಹಾಗಿದ್ದೂ ಓದುವಾಗ ನಮ್ಮ ಕೊರಳು ಬಿಗಿಯುವುದೇಕೆ? ಆ ಬಿಗಿತ ಮಗುವಿಗೆ ತಟ್ಟಿತೇ, ತಟ್ಟಿದ್ದನ್ನು ಅದು ಪಠ್ಯದ ಮಾತಿಗೇ ಹಿಡಿದು ತೋರಿಸಬಲ್ಲುದೇ? ಗ್ರಹಿಕೆಯ ಪರೀಕ್ಷೆ ಅಲ್ಲಿಂದ ಶುರುವಾಗಬೇಕು.

ಅಭಿಮನ್ಯುವಿನ ಪ್ರಸಂಗ ಇನ್ನೂ ಹರಿತವಾದದ್ದು. ಶತ್ರುವಿನ ಮಗ, ತನ್ನ ಕಡೆಯವರೇ ಮುತ್ತಿಗೆ ಹಾಕಿ ಕೊಂದ ಹುಡುಗ. ಅವನೆದುರು ದುರ್ಯೋಧನ ಕೈ ಮುಗಿದು, ನಿನ್ನಂಥ ಸಾವು ನನಗೂ ಬರಲಿ ಎಂದು ಬೇಡುತ್ತಾನೆ. ಕರ್ಣ ಕುಂತಿಯ ಮಗನೆಂಬುದೂ ಅವನಿಗೆ ಗೊತ್ತು. ಗೊತ್ತಿದ್ದೂ ಗೆಳೆಯನೆಂದೇ ಅಪ್ಪಿಕೊಂಡವನು. ಇನ್ನು ಭೀಷ್ಮ ಸಂಧಿಯ ಮಾತೆತ್ತಿದಾಗ ಅವನ ಉತ್ತರ: ಕಾದುವುದು ನೆಲಕ್ಕಲ್ಲ, ಛಲಕ್ಕೆ, ಕರ್ಣನನ್ನು ಕೊಲ್ಲಿಸಿದ ನೆಲದೊಡನೆ ಬಾಳುವುದು ತನ್ನಿಂದಾಗದು. ತಪ್ಪೂ ದೊಡ್ಡತನವೂ ಇಲ್ಲಿ ಒಂದೇ ಬಾಯಿಂದ ಹೊರಟಿವೆ. ಕಾವ್ಯದ ಇನ್ನೊಂದು ಹೆಸರು 'ಸಾಹಸಭೀಮ ವಿಜಯ'. ರನ್ನ ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನೊಡನೆ ಒಂದುಮಾಡಿ ಹಾಡಿದ. ಆದರೂ ಓದುಗನ ಮನಸ್ಸು ಹೋಗಿ ನಿಲ್ಲುವುದು ಸೋತವನ ಬಳಿ. ಈ ಎಳೆದಾಟವನ್ನು 'ಛಲವು ವಿನಾಶಕ್ಕೆ ಮೂಲ' ಎಂಬ ಒಂದೇ ಸಾಲಿಗೆ ಇಳಿಸಿ ಬರೆದ ಮಗುವಿಗೆ ಸ್ವಮತದಲ್ಲಿ ಪೂರ್ತಿ ಅಂಕ ಸಿಗುತ್ತದೆಂದರೆ ನನಗೆ ಸಂಕಟವಾಗುತ್ತದೆ. ಆ ಸಾಲು ಗೈಡಿನಲ್ಲಿ ಸಿಗುವಂಥದ್ದು. ಅದನ್ನು ಬರೆಯಲು ರನ್ನನನ್ನು ಓದಲೇಬೇಕಿಲ್ಲ.

ಸಾಂಗಲಿಗೆ ನಾಟಕ ಹೊಸದಲ್ಲ. ಕರ್ಕಿಯ ಯಕ್ಷಗಾನ ಮೇಳದ ಆಟ ಕಂಡು ವಿಷ್ಣುದಾಸ ಭಾವೆ 1843ರಲ್ಲಿ 'ಸೀತಾಸ್ವಯಂವರ' ಆಡಿಸಿದ್ದು ಅದೇ ಊರಿನಲ್ಲಿ. ಸೊರಡಿಯ ಕಡೆಯ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಬಳುವಳಿಗಳಿವೆ. ಈ ಸೀಮೆಯ ಮೊಹರಂನಲ್ಲಿ ಕರ್ಬಲಾದ ಸಾವನ್ನು ಕನ್ನಡದಲ್ಲಿ ಹಾಡಿ ಅಳುತ್ತಾರೆ. ಸೋತು ಸತ್ತವರ ಹಿರಿಮೆ ಏನೆಂದು ಈ ಮಕ್ಕಳ ಕಿವಿಗೆ ಗೊತ್ತು. ಜಾತ್ರೆಗಳಲ್ಲಿ ಡೊಳ್ಳಿನ ಹಾಡಿಕೆಯ ಎರಡು ಮೇಳ ಎದುರುಬದುರು ಕೂತು ಇಡೀ ರಾತ್ರಿ ಸವಾಲು ಜವಾಬು ನಡೆಸುತ್ತವೆ. ಹರದೇಶಿ ನಾಗೇಶಿಯಲ್ಲಂತೂ ಒಬ್ಬರು ಗಂಡಿನ ಪಕ್ಷ, ಒಬ್ಬರು ಹೆಣ್ಣಿನ ಪಕ್ಷ ಹಿಡಿದು ಬೆಳಗಿನವರೆಗೆ ಬಿಟ್ಟುಕೊಡುವುದಿಲ್ಲ. ಅಲ್ಲಿಯೂ ಬರೀ ಪುರಾಣದ ಲೆಕ್ಕ ಕೇಳಿ ಎದುರಾಳಿಯನ್ನು ಕಟ್ಟಿಹಾಕುವ ಸವಾಲುಗಳಿವೆ, ಅವು ಚೌಕಟ್ಟು ತುಂಬುವ ಕೃತಿಗಿಂತ ಮೇಲಲ್ಲ. ಒಳ್ಳೆಯ ಹಾಡುಗಾರರು ಮಾತ್ರ ಹಿಡಿದ ಪಕ್ಷಕ್ಕೆ ಆಧಾರ ಕೊಡುತ್ತಾರೆ, ಎದುರಿನವರ ಮಾತನ್ನು ಪೂರ್ತಿ ಕೇಳಿ ಅದಕ್ಕೇ ಉತ್ತರ ಕಟ್ಟುತ್ತಾರೆ. ದುರಂತವನ್ನು ಓದಿದ ಹುಡುಗನಿಂದ ನಾವು ಬಯಸಬೇಕಾದ ಕಸುಬು ಇದು: ತಪ್ಪಿತಸ್ಥನೆಂದು ತಾನೇ ನಂಬಿದವನ ಪರವಾಗಿ, ಪಠ್ಯದ ಆಧಾರದಿಂದ, ಸುಳ್ಳಾಡದೆ ಮಾತಾಡುವುದು.

ಇದಕ್ಕೆ ಹೊಸ ಮಂಡಳಿ ಬೇಡ. ಮಹಾರಾಷ್ಟ್ರದ ಹತ್ತನೆಯ ಇಯತ್ತೆಯ ಭಾಷಾ ವಿಷಯದಲ್ಲಿ ಬರವಣಿಗೆಗೆ 80 ಅಂಕವಾದರೆ ಉಳಿದ 20 ಶಾಲೆಯ ಕೈಯಲ್ಲೇ ಇವೆ. ಕರ್ನಾಟಕದಲ್ಲಿ ಪ್ರಥಮ ಭಾಷೆಗೆ ಇಂಥ 25 ಅಂಕಗಳಿವೆ. ಈ ಅಂಕಗಳನ್ನು ಎಲ್ಲರಿಗೂ ಒಂದೇ ಸಮ ಹಂಚಿ ಮುಗಿಸುವ ಬದಲು ಅವುಗಳಲ್ಲಿ ಕೆಲವನ್ನು ಗಟ್ಟಿಯಾಗಿ ಓದುವುದಕ್ಕೆ ಮೀಸಲಿಡಬಹುದು. ದುಶ್ಶಾಸನನ ಮುಂದಿನ ಮಾತು ಮತ್ತು ಭೀಷ್ಮನಿಗೆ ಕೊಟ್ಟ ಉತ್ತರ, ಎರಡನ್ನೂ ಒಂದೇ ದನಿಯಲ್ಲಿ ಓದಿದ ಮಗುವಿಗೆ ಎಲ್ಲಿ ತೊಡಕಾಗಿದೆಯೆಂದು ಗುರುಗಳಿಗೆ ಆಗಲೇ ಗೊತ್ತಾಗುತ್ತದೆ. ಬರವಣಿಗೆಯಲ್ಲಿ ಅದು ಮುಚ್ಚಿಹೋಗುತ್ತದೆ. ಬರೆಯುವ ಸ್ವಮತಕ್ಕೆ ಪ್ರಶ್ನೆ ಹೀಗಿರಲಿ: 'ಅಭಿಮನ್ಯುವಿಗೆ ಕೈ ಮುಗಿದವನು ಪಾಂಡವರೊಡನೆ ಸಂಧಿಗೆ ಏಕೆ ಒಪ್ಪಲಿಲ್ಲ? ದುರ್ಯೋಧನನ ಪರವಾಗಿ ನಿಂತು ಉತ್ತರಿಸಿ. ಆಮೇಲೆ ನಿಮಗೆ ಒಪ್ಪಿಗೆಯಾಗದ ಒಂದು ಮಾತನ್ನು ತೋರಿಸಿ.' ಅಂಕ ಕೊಡುವವರು ಮಗು ಯಾವ ತೀರ್ಪಿಗೆ ಬಂತೆಂದು ನೋಡಬೇಕಿಲ್ಲ. ಪಠ್ಯದಿಂದ ಎತ್ತಿದ ಎರಡು ಆಧಾರಗಳಿವೆಯೇ, ಅವು ಒಂದಕ್ಕೊಂದು ಎದುರು ನಿಲ್ಲುವುದನ್ನು ಮಗು ಗಮನಿಸಿದೆಯೇ ಎಂದು ನೋಡಿದರೆ ಸಾಕು. ಕಾಗುಣಿತ ತಪ್ಪಿರಬಹುದು, ಮರಾಠಿ ಶಬ್ದ ನುಸುಳಿರಬಹುದು, ಜತ್ತದ ಆಡುಮಾತೇ ಹಾಳೆಗೆ ಇಳಿದಿರಬಹುದು. ಈ ಒಂದು ಪ್ರಶ್ನೆಯ ಮಟ್ಟಿಗೆ ಅದಕ್ಕೆ ಅಂಕ ಕಡಿಯಬಾರದು.