ಹೆಸರು ತಪ್ಪಿದ ಅಕ್ಷರ

ಇಂಗ್ಲಿಷು ಲೋಕಭಾಷೆ, ಗಣಕಯಂತ್ರದ ಕಟ್ಟಳೆಗಳೆಲ್ಲ ಅದರಲ್ಲಿಯೇ ಇರಲಿ, ಕನ್ನಡದ ಅಕ್ಷರಗಳು ಪರದೆಯ ಮೇಲೆ ಮೂಡಿದರೆ ನಮಗೆ ಸಾಕು ಎಂಬ ಮಾತು ವಿದ್ಯಾವಂತರಲ್ಲಿ ಬಳಕೆಯಲ್ಲಿದೆ. ಈ ಸಮಾಧಾನವು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಒಂದೇ ಅಕ್ಷರದ ನಿದರ್ಶನದಿಂದ ಪರಿಶೀಲಿಸಬಹುದು.

ಹಳಗನ್ನಡದ ‘ೞ’ಕಾರವನ್ನು ವಾಚಕರು ಬಲ್ಲರು. ‘ಬಾಳ್’ ಎಂದರೆ ಕತ್ತಿ. ‘ಬಾೞ್’ ಎಂದರೆ ಜೀವಿಸು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳಗಳೆಂದು ಭೇದವೆಣಿಸಿ ಇದನ್ನು ವಿಚಾರಮಾಡಿದ್ದಾನೆ. ತಮಿಳು, ಮಲಯಾಳಗಳಲ್ಲಿ ಈ ಧ್ವನಿಯು ಇಂದಿಗೂ ಜೀವಂತವಾಗಿದೆ.

ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಸಂಖ್ಯೆ ಗೊತ್ತುಮಾಡುವ ಯೂನಿಕೋಡ್ ಸಂಕೇತವು 1991ರಲ್ಲಿ ಹೊರಬಂದಿತು. ಅದರಲ್ಲಿ ಕನ್ನಡಕ್ಕೆ 128 ಮನೆಗಳು ಮೀಸಲು. ‘ೞ’ಕಾರಕ್ಕೂ ಅಲ್ಲಿ ಒಂದು ಮನೆಯುಂಟು. ಆದರೆ ಅದರ ಬಾಗಿಲಿಗೆ ಇಂಗ್ಲಿಷಿನಲ್ಲಿ ಬರೆದ ಹೆಸರು ‘ಕನ್ನಡ ಲೆಟರ್ ಫಾ’! ‘ೞ’ಕಾರಕ್ಕೂ ಇಂಗ್ಲಿಷಿನ ಎಫ್ ಧ್ವನಿಗೂ ಯಾವ ನಂಟೂ ಇಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಆ ಸಂಸ್ಥೆಯ ನಿಯಮ. ಆದುದರಿಂದ ತಪ್ಪೇ ಶಾಶ್ವತವಾಯಿತು. ಸರಿಯಾದ ಹೆಸರು ಬರಿಯ ಉಪನಾಮವಾಗಿ ಪಕ್ಕದಲ್ಲಿ ನಿಂತಿತು.

ಹೆಸರಿನಿಂದೇನು, ಅಕ್ಷರ ಮೂಡುವುದಲ್ಲ ಎನ್ನಬಹುದು. ಮೂಡುವುದೇನೋ ನಿಜ. ಆದರೆ ಶಿವಮೊಗ್ಗದ ನನ್ನ ತರಗತಿಗೆ ಭದ್ರಾವತಿಯಿಂದ ಬರುವ ವಿದ್ಯಾರ್ಥಿಗಳು ಪಂಪನ ಪದ್ಯವನ್ನು ಮೊಬೈಲಿನಲ್ಲಿಯೇ ಬರೆದುಕೊಳ್ಳುತ್ತಾರೆ. ಕೀಲಿಮಣೆಯಲ್ಲಿ ‘ೞ’ ಕಾಣದಾಗ ‘ಳ’ ಒತ್ತುತ್ತಾರೆ. ಬದುಕು ಇರಬೇಕಾದಲ್ಲಿ ಕತ್ತಿ ಬಂದು ಕೂಡುತ್ತದೆ. ಗಣಕಕ್ಕೆ ಇವೆರಡೂ ಬೇರೆ ಬೇರೆ ಸಂಖ್ಯೆಗಳಾದುದರಿಂದ, ಮುಂದೆ ಶುದ್ಧರೂಪವನ್ನು ಹುಡುಕುವವನಿಗೆ ಆ ಪ್ರತಿ ದೊರೆಯದೆ ಹೋಗಬಹುದು. ಓಲೆಗರಿಯ ಲಿಪಿಕಾರರ ಸ್ಖಾಲಿತ್ಯಗಳನ್ನು ತಿದ್ದುತ್ತ ನಮ್ಮ ಹಿರಿಯ ಸಂಪಾದಕರು ಆಯುಷ್ಯವನ್ನೇ ಸವೆಸಿದರು. ಅದೇ ಸ್ಖಾಲಿತ್ಯವನ್ನು ಹೊಸದಾಗಿ ಬಿತ್ತುವುದು ತರವೇ?

ದೋಷವನ್ನೆಲ್ಲ ಇಂಗ್ಲಿಷಿನ ಮೇಲೆ ಹೊರಿಸಿ ಸುಮ್ಮನಾಗುವುದು ಸುಲಭ. ಆದರೆ ಹಳೆಯ ಶಾಸನಗಳಲ್ಲಿಯೂ ಗ್ರಂಥಗಳಲ್ಲಿಯೂ ಕಾಣುವ ನಕಾರಪೊಲ್ಲಿಗೆ 2021ರಲ್ಲಿ ಅದೇ ಸಂಕೇತದಲ್ಲಿ ಸ್ಥಾನ ದೊರೆಯಿತು. ಅದರ ಇಂಗ್ಲಿಷು ಹೆಸರಿನೊಳಗೂ ‘ನಕಾರ ಪೊಲ್ಲು’ ಎಂಬ ಕನ್ನಡ ಮಾತೇ ಇದೆ. ಬಲ್ಲವರು ಆಧಾರಸಹಿತ ಕೇಳಿದರೆ ಲೋಕಭಾಷೆಯೂ ನಮ್ಮ ಹೆಸರನ್ನು ಹೇಳಲು ಕಲಿಯುತ್ತದೆ.

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಿದೆ. ಶಿವಮೊಗ್ಗದಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ. ಗ್ರಂಥಸಂಪಾದನೆಯ ಪಾಠದೊಡನೆ ಅಕ್ಷರಸಂಕೇತದ ಪಾಠವೂ ಕನ್ನಡ ಎಂ.ಎ. ತರಗತಿಗೆ ಬರಬೇಕು. ಇದನ್ನು ಕೇವಲ ಯಂತ್ರಜ್ಞರ ಕೆಲಸವೆಂದು ಬಿಟ್ಟುಬಿಟ್ಟರೆ, ನಮ್ಮ ಅಕ್ಷರಗಳಿಗೆ ಬೇರೆಯವರು ಇಟ್ಟ ಹೆಸರುಗಳನ್ನೇ ನಾವು ಓದಬೇಕಾದೀತು.